ಮಧುರೆಯ ಸೀಮೆಯ ಬಳಕೆಯ ಮಾತುಗಳು

ಒಂದು ನಾಡಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕಲ್ಲನ್ನು ಓದುತ್ತಾರೆ, ಬಳಿಕ ಕಡತವನ್ನು ಓದುತ್ತಾರೆ. ಕಲ್ಲು ದತ್ತಿ ಬಿಟ್ಟ ದೊರೆಯ ಹೆಸರನ್ನೂ, ತುರುಗೊಳ್ಳಿನಲ್ಲಿ ಮಡಿದ ವೀರನ ಹೆಸರನ್ನೂ ಹೇಳುತ್ತದೆ. ಕಡತವು ಕಂದಾಯದ ಮೊತ್ತವನ್ನು ಹೇಳುತ್ತದೆ. ಆದರೆ ಕೆರೆಯ ನೀರನ್ನು ಗದ್ದೆಗೆ ಹಾಯಿಸಿದವನು, ಕಣದಲ್ಲಿ ರಾಗಿಯನ್ನು ತೂರಿದವಳು, ಮಗ್ಗದ ಮುಂದೆ ದಿನವೆಲ್ಲ ಕುಳಿತವನು, ಇವರು ತಮ್ಮ ಕೈಯ ಉಪಕರಣಗಳನ್ನು ಏನೆಂದು ಕರೆದರು, ಯಾವ ಅಳತೆಯಿಂದ ಅಳೆದರು, ಏನನ್ನು ಉಂಡರು ಎಂಬ ಸಂಗತಿಗಳು ಕಲ್ಲಿನಲ್ಲಿಯೂ ಕಡತದಲ್ಲಿಯೂ ಅಲ್ಲೊಂದು ಇಲ್ಲೊಂದು ಸುಳಿವಾಗಿ ಮಾತ್ರ ದೊರೆಯುವುವು. ಅವುಗಳ ಪೂರ್ಣವಾದ ದಾಖಲೆಯು ಹಳ್ಳಿಯ ಜನರ ನಾಲಗೆಯ ಮೇಲಿದೆ. ಈ ದಾಖಲೆಗೆ ಕಲ್ಲಿನ ಗಟ್ಟಿತನವಿಲ್ಲ. ಆಡುವವರು ಇರುವವರೆಗೆ ಮಾತ್ರ ಅದರ ಆಯುಸ್ಸು.

ಇಂಥ ದಾಖಲೆಯನ್ನು ಓದಿ ನೋಡುವುದಕ್ಕೆ ಮಧುರೆಯ ಸೀಮೆಯು ತಕ್ಕ ಸ್ಥಳವಾಗಿದೆ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ಹಾದಿಯಲ್ಲಿರುವ ಈ ಊರು ಪಾಂಡ್ಯರ ರಾಜಧಾನಿಯ ಹೆಸರನ್ನು ಹೊತ್ತಿದ್ದರೂ ಹೊರಗಿನವರಿಗೆ ಪರಿಚಿತವಾಗಿರುವುದು ಬಹುಮಟ್ಟಿಗೆ ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಯಿಂದ. ಕಸಬೆ, ದೊಡ್ಡಬೆಳವಂಗಲ, ಮಧುರೆ, ಸಾಸಲು, ತೂಬಗೆರೆ ಎಂಬುವು ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳು. ಕೆರೆ, ರಾಗಿಯ ಹೊಲ, ಮಗ್ಗ, ದನಗಳ ಜಾತ್ರೆ, ಈ ನಾಲ್ಕರಿಂದ ಇಲ್ಲಿಯ ಬಾಳು ಬೆಳೆದುಬಂದಿತು. ಈ ನಾಲ್ಕಕ್ಕೂ ಸೇರಿದ ಮಾತಿನ ಸಂಪತ್ತು ಇಲ್ಲಿ ಒಂದೇ ನೆಲದಲ್ಲಿ ದೊರೆಯುತ್ತದೆ.

ಕನ್ನಡವು ಸೀಮೆಸೀಮೆಗೆ ಬೇರೆಯಾಗುವುದು ಹೊಸ ಸಂಗತಿಯೇನೂ ಅಲ್ಲ. ಕ್ರಿ. ಶ. ೮೫೦ರ ಸುಮಾರಿನಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದ ದೇಸಿಗಳು ಅಷ್ಟೊಂದು ಬಗೆಯಾಗಿರುವುದರಿಂದ ನಾಗರಾಜನಾದ ವಾಸುಕಿಯೂ ಅವುಗಳನ್ನು ಅರಿತು ಮುಗಿಸಲಾರದೆ ಬೇಸರಗೊಳ್ಳುವನೆಂದು ಹೇಳುತ್ತದೆ. ಆದರೂ ಓದುಬರಹ ಬಲ್ಲವರು ಹಳ್ಳಿಯ ಮಾತನ್ನು ಕೇಳಿದಾಗ ತಪ್ಪು ಮಾತೆಂದು ನಗುವ ವಾಡಿಕೆಯು ಹೋಗಿಲ್ಲ. ಈ ಸೀಮೆಯ ಒಕ್ಕಲಿಗನು ಹಾಲನ್ನು ‘ಆಲು’ ಎಂದೂ, ಹುಲ್ಲನ್ನು ‘ಉಲ್ಲು’ ಎಂದೂ, ಹಳ್ಳಿಯನ್ನು ‘ಅಳ್ಳಿ’ ಎಂದೂ ನುಡಿಯುತ್ತಾನೆ. ಪೇಟೆಯವರಿಗೆ ಅದು ಹಾಸ್ಯವಾಗಿ ತೋರುವುದು. ಆದರೆ ಹಳಗನ್ನಡದಲ್ಲಿ ಈ ಮಾತುಗಳು ಪಾಲ್, ಪುಲ್, ಪಳ್ಳಿ ಎಂದಿದ್ದುವು. ಪಕಾರವು ಸವೆದು ಹಕಾರವಾದಾಗ ಆ ಕಾಲದ ಹಿರಿಯರಿಗೂ ಅದು ಬಾಯಿಯ ಸೋಮಾರಿತನವಾಗಿಯೇ ಕಂಡಿದ್ದಿರಬೇಕು. ಈಗ ಅದೇ ಶಿಷ್ಟರೂಪವಾಗಿದೆ. ಹಕಾರವೂ ಉದುರಿದ ಹಳ್ಳಿಯ ರೂಪವು ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ನಡೆದಿದೆ. ಭಾಷೆಯ ಚರಿತ್ರೆಯನ್ನು ಬಲ್ಲವರಿಗೆ ಪಾಲ್, ಹಾಲು, ಆಲು ಎಂಬ ಮೂರು ಮಾತುಗಳು ಒಂದೇ ಏಣಿಯ ಮೂರು ಮೆಟ್ಟಿಲುಗಳಾಗಿ ಕಾಣುವುವು.

ಮೊದಲು ನೀರಿನ ಮಾತುಗಳನ್ನು ನೋಡಬಹುದು. ಅರ್ಕಾವತಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದು ಹೆಸರಘಟ್ಟದ ಕಡೆಗೆ ಇಳಿಯುತ್ತದೆ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಹಿಂದಿನವರು ಹಳ್ಳಹಳ್ಳಕ್ಕೂ ಒಡ್ಡು ಕಟ್ಟಿ ಕೆರೆ ಮಾಡಿದರು. ಮಣ್ಣಿನ ಒಡ್ಡಿಗೆ ‘ಏರಿ’ ಎಂದು ಹೆಸರು. ತಮಿಳುನಾಡಿನಲ್ಲಿ ಇದೇ ಮಾತು ಕೆರೆಗೇ ಸಲ್ಲುತ್ತದೆ. ಕನ್ನಡದಲ್ಲಿ ಅದು ಎತ್ತರಿಸಿದ ದಿಬ್ಬಕ್ಕೆ ನಿಂತಿತು. ಗದ್ದೆಗೆ ನೀರು ಬಿಡುವ ಬಾಯಿ ‘ತೂಬು’. ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗುವ ಸ್ಥಳ ‘ಕೋಡಿ’. ನೀರು ನಿಲ್ಲುವ ಒಳನೆಲ ‘ಅಂಗಳ’. ತೂಬಿನ ಕೆಳಗೆ ನೀರುಣ್ಣುವ ಗದ್ದೆಗಳ ಬಯಲು ‘ಅಚ್ಚುಕಟ್ಟು’. ಇವುಗಳಲ್ಲಿ ತೂಬು ಎಂಬುದು ‘ತೂಂಬು’ ಎಂಬ ರೂಪದಲ್ಲಿ ಹಳೆಯ ಶಾಸನಗಳಲ್ಲಿಯೇ ದೊರೆಯುವುದು. ತೂಬಗೆರೆಯೆಂಬ ಹೋಬಳಿಯ ಹೆಸರಿನಲ್ಲಿ ತೂಬೂ ಕೆರೆಯೂ ಕೂಡಿ ನಿಂತಿವೆ. ಊರಿನ ಹೆಸರು ಒಂದು ಗೃಹಕೃತ್ಯದ ಪದದಷ್ಟು ಸರಳವಾಗಿರುವುದನ್ನು ನೋಡಿದರೆ ಆ ನೆಲದಲ್ಲಿ ಯಾವುದು ಮುಖ್ಯವಾಗಿತ್ತೆಂಬುದು ತಾನಾಗಿ ತಿಳಿದುಬರುವುದು.

ಕೆರೆಗೆ ಸೇರಿದ ಕೆಲವು ಮಾತುಗಳು ಕಲ್ಲಿನಲ್ಲಿ ಉಳಿದು ನಾಲಗೆಯಿಂದ ಜಾರಿಹೋದುವು. ಕೆರೆ ಕಟ್ಟಿಸಿದವನಿಗೆ ಅದರ ಕೆಳಗಿನ ಭೂಮಿಯಲ್ಲಿ ಬಿಡುತ್ತಿದ್ದ ಹತ್ತರಲ್ಲೊಂದು ಪಾಲಿಗೆ ‘ದಸವಂದ’ವೆಂದೂ, ಕೆರೆಕಟ್ಟೆಗಳ ಕಾರ್ಯಕ್ಕಾಗಿ ಬಿಟ್ಟ ಮಾನ್ಯಕ್ಕೆ ‘ಕಟ್ಟುಕೊಡಗಿ’ಯೆಂದೂ ಶಾಸನಗಳಲ್ಲಿ ಹೆಸರಿದೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ೧೯೦೫ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಆ ಮಾತುಗಳು ಈಗ ಅಲ್ಲಿ ಮಾತ್ರ ಓದುವುದಕ್ಕೆ ಸಿಕ್ಕುವುವು. ತೂಬೆತ್ತಿ ಸರದಿಯಂತೆ ನೀರು ಹಂಚುತ್ತಿದ್ದ ‘ನೀರುಗಂಟಿ’ಯ ಹೆಸರಾದರೋ ಬಹುಕಾಲ ಉಳಿದಿತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಅಗಸ ಮೊದಲಾದವರೊಡನೆ ನೀರುಗಂಟಿಯೂ ಊರಿನ ಆಯಗಾರರಲ್ಲಿ ಒಬ್ಬನಾಗಿದ್ದು, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ೧೯೬೧ರ ಶಾಸನವು ೧೯೬೩ರಲ್ಲಿ ಜಾರಿಗೆ ಬಂದ ಮೇಲೆ ಹಳೆಯ ಏರ್ಪಾಡು ಸಡಿಲವಾಯಿತು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ನೀರಿಗೆ ಕಾಯುವವರೇ ಕಡಮೆಯಾದರು. ಎತ್ತುಗಳು ಇಳಿಜಾರಿನಲ್ಲಿ ಹಿಂದುಮುಂದು ನಡೆದು ತೊಗಲಿನ ಚೀಲದಿಂದ ಬಾವಿಯ ನೀರೆತ್ತುತ್ತಿದ್ದ ‘ಕಪಿಲೆ’ಯೂ, ಮನುಷ್ಯನು ಮರದ ಮೇಲೆ ನಡೆದು ತುಳಿಯುತ್ತಿದ್ದ ‘ಏತ’ವೂ ಅದೇ ಹೊತ್ತಿನಲ್ಲಿ ಮರೆಯಾದುವು.

ಇನ್ನು ಹೊಲದ ಮಾತುಗಳು. ನೇಗಿಲಿಗೆ ಮೊನೆಯಾದ ಕಬ್ಬಿಣ ‘ಗುಳ’, ಕೈಹಿಡಿ ‘ಮೇಳಿ’, ಎತ್ತುಗಳ ಹೆಗಲ ಮೇಲಿನ ಮರ ‘ನೊಗ’, ಬಿಗಿಯುವ ತೊಗಲಿನ ಹಗ್ಗ ‘ಮಿಣಿ’. ಸಾಲಾಗಿ ಬಿತ್ತುವುದಕ್ಕೆ ‘ಕೂರಿಗೆ’, ಹೆಂಟೆ ಒಡೆದು ಕಳೆ ಸಡಿಲಿಸುವುದಕ್ಕೆ ‘ಹಲುಬೆ’ ಮತ್ತು ‘ಕುಂಟೆ’. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬೇರೆ ಸಾಲುಗಳಾಗಿ ಹಾಕುವ ಪದ್ಧತಿಗೆ ‘ಅಕ್ಕಡಿ’ ಎಂದು ಹೆಸರು. ಈ ಒಂದು ಮಾತಿನಲ್ಲಿ ಬಯಲುಸೀಮೆಯ ರೈತನ ಬುದ್ಧಿಯೆಲ್ಲ ಅಡಗಿದೆಯೆಂದರೆ ತಪ್ಪಾಗದು. ಮಳೆ ತಪ್ಪಿ ರಾಗಿ ಸೊರಗಿದರೂ ಅವರೆಯೋ ತೊಗರಿಯೋ ಕೈಹಿಡಿಯುವುದು. ಮನೆಗೆ ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಮೇವು, ಎಲ್ಲವೂ ಒಂದೇ ಹೊಲದಿಂದ ಬರುವುದು. ಮಳೆಯ ಲೆಕ್ಕವೂ ಹಾಗೆಯೇ. ಪಂಚಾಂಗದ ನಕ್ಷತ್ರಗಳನ್ನು ರೈತನು ತನ್ನ ಬಾಯಿಗೆ ಒಗ್ಗಿಸಿಕೊಂಡು ಆಶ್ಲೇಷೆಯನ್ನು ‘ಅಸಲೆ’ ಎಂದೂ, ಪೂರ್ವಫಲ್ಗುನಿಯನ್ನು ‘ಹುಬ್ಬೆ’ ಎಂದೂ, ಚಿತ್ರೆಯನ್ನು ‘ಚಿತ್ತೆ’ ಎಂದೂ ಮಾಡಿಕೊಂಡನು. ಜ್ಯೋತಿಷದ ಆಕಾಶವು ಹೀಗೆ ಬೇಸಾಯದ ನೆಲಕ್ಕೆ ಇಳಿದು ಬಂದಿತು.

ಪೈರು ಕೊಯ್ದ ಮೇಲೂ ಪ್ರತಿಯೊಂದು ಘಟ್ಟಕ್ಕೆ ಪ್ರತ್ಯೇಕವಾದ ಹೆಸರುಂಟು. ಕುಡುಗೋಲಿನಿಂದ ಕೊಯ್ದು ಹಿಡಿಹಿಡಿಯಾಗಿ ಇಟ್ಟದ್ದು ‘ಅರಿ’. ಅರಿಗಳನ್ನು ಕೂಡಿಸಿ ಕಟ್ಟಿದ್ದು ‘ಸಿವುಡು’. ಸಿವುಡುಗಳನ್ನು ಒಟ್ಟಿದ್ದು ‘ಮೆದೆ’. ಕಣದಲ್ಲಿ ಗುಂಡು ಹೊಡೆದು, ತೂರಿ, ರಾಶಿ ಮಾಡಿದ ಬಳಿಕ ಧಾನ್ಯವು ನೆಲದೊಳಗಿನ ‘ಹಗೇವಿ’ಗೆ ಇಳಿಯುತ್ತಿತ್ತು. ರಾಗಿಯು ಹಲವು ವರ್ಷ ಕೆಡದೆ ಉಳಿಯುವ ಧಾನ್ಯವಾದುದರಿಂದ ಹಗೇವು ಎಂಬುದು ಆ ಮನೆಯ ಬರಗಾಲದ ಭರವಸೆಯಾಗಿತ್ತು. ಪೇಟೆಯವರು ‘ರಾಗಿ ಕಟಾವು’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಕಾರ್ಯವನ್ನು ಹಳ್ಳಿಯವರು ಹತ್ತು ಹೆಸರುಗಳಿಂದ ವಿಂಗಡಿಸಿದ್ದರು. ಪ್ರತಿಯೊಂದು ಹೆಸರಿನ ಹಿಂದೆ ಬೇರೆ ಬೇರೆ ಕೈಗಳ ದುಡಿಮೆಯಿತ್ತು.

ಕಣದಿಂದ ಅಳತೆಯ ಮಾತಿಗೆ ಬರಬೇಕು. ಇಲ್ಲಿಯ ಅಳತೆಗಳಲ್ಲಿ ಎರಡು ಪದರಗಳು ಸ್ಪಷ್ಟವಾಗಿ ಕಾಣಬರುವುವು. ಸೇರು, ಪಾವು, ಚಟಾಕು ಎಂಬುವು ಉತ್ತರದಿಂದ ಬಂದ ಮಾತುಗಳು. ಇವು ಅಂಗಡಿಯಲ್ಲಿ ನೆಲೆನಿಂತುವು. ಬಳ್ಳ, ಕೊಳಗ, ಖಂಡುಗ ಎಂಬುವು ಶಾಸನಗಳ ಕಾಲದವು. ಇವು ಕಣದಲ್ಲಿ ಉಳಿದುವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭೂಮಿಯನ್ನು ಕೂಡ ಅದು ನುಂಗುವ ಬೀಜದ ಪ್ರಮಾಣದಿಂದ ‘ಖಂಡುಗದ ಗದ್ದೆ’, ‘ಹತ್ತು ಕೊಳಗದ ಹೊಲ’ ಎಂದು ಎಣಿಸುತ್ತಿದ್ದರು. ರಾಶಿಯನ್ನು ಅಳೆಯುವಾಗ ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಆರಂಭಿಸುವ ವಾಡಿಕೆಯಿತ್ತು. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ೧೮೦೭ರಲ್ಲಿ ತನ್ನ ಪ್ರವಾಸದ ವರದಿಯನ್ನು ಮೂರು ಸಂಪುಟಗಳಾಗಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನನು ಅಲ್ಲಲ್ಲಿಯ ತೂಕ, ಅಳತೆ, ಬೇಸಾಯದ ಉಪಕರಣಗಳನ್ನು ಅವುಗಳ ಸ್ಥಳೀಯ ಹೆಸರುಗಳೊಡನೆ ಬರೆದಿಟ್ಟನು. ಹೊಸದಾಗಿ ಕೈಸೇರಿದ ನಾಡಿನ ಆದಾಯವನ್ನು ಅರಿಯುವುದು ಅವನನ್ನು ಕಳುಹಿದವರ ಉದ್ದೇಶವಾಗಿದ್ದರೂ, ಎರಡು ಶತಮಾನಗಳ ಬಳಿಕ ಆ ಪಟ್ಟಿಗಳು ಹಳ್ಳಿಯ ಮಾತಿನ ಚರಿತ್ರೆಗೆ ಆಧಾರವಾಗಿ ಪರಿಣಮಿಸಿವೆ.

ಬಳ್ಳವೆಂಬ ಮಾತು ಈ ಸೀಮೆಗೆ ಇನ್ನೂ ಹತ್ತಿರದ್ದು. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲನ್ನು ಕರೆಯುತ್ತಿತ್ತೆಂದೂ, ಅದರಿಂದಲೇ ಬಳ್ಳಾಪುರಕ್ಕೆ ಆ ಹೆಸರು ಬಂದಿತೆಂದೂ ಐತಿಹ್ಯವಿದೆ. ಐತಿಹ್ಯವನ್ನು ಚರಿತ್ರೆಯೆಂದು ನಂಬಬೇಕಾದುದಿಲ್ಲ. ಆದರೆ ಊರಿನ ಹುಟ್ಟನ್ನು ಹೇಳುವುದಕ್ಕೆ ಜನರು ಖಡ್ಗವನ್ನಾಗಲಿ ಕಿರೀಟವನ್ನಾಗಲಿ ಆರಿಸದೆ ಹಾಲಿನ ಅಳತೆಯ ಪಾತ್ರೆಯನ್ನು ಆರಿಸಿಕೊಂಡರೆಂಬುದು ಗಮನಿಸತಕ್ಕ ವಿಷಯ. ೧೯೫೭ರ ಏಪ್ರಿಲ್ ೧ರಿಂದ ದಶಮಾಂಶದ ನಾಣ್ಯಗಳೂ, ೧೯೫೮ರಿಂದ ಮೊದಲಾಗಿ ಕಿಲೋಗ್ರಾಮು ಲೀಟರುಗಳೂ ಬಂದುವು. ಲೆಕ್ಕವು ಸುಲಭವಾಯಿತು, ಊರಿಂದೂರಿಗೆ ಅಳತೆ ಬದಲಾಗುತ್ತಿದ್ದುದರಿಂದ ರೈತನಿಗೆ ಆಗುತ್ತಿದ್ದ ಮೋಸವೂ ತಗ್ಗಿತು. ಬಳ್ಳ ಕೊಳಗಗಳು ಮಾತ್ರ ಮನೆಯ ಅಟ್ಟವನ್ನು ಸೇರಿದುವು. ನಾಣ್ಯದ ಮಾತುಗಳ ಭಾಗ್ಯ ಬೇರೆ ತೆರನಾಯಿತು. ‘ಹಣ’ವೆಂಬುದು ಒಂದು ಕಾಲಕ್ಕೆ ಸಣ್ಣ ಚಿನ್ನದ ನಾಣ್ಯ, ‘ದುಡ್ಡು’ ಎಂಬುದು ತಾಮ್ರದ ನಾಣ್ಯ. ನಾಣ್ಯಗಳು ಹೋದುವು, ಹೆಸರುಗಳು ಸಂಪತ್ತಿಗೇ ಸಾಮಾನ್ಯವಾದ ಮಾತುಗಳಾಗಿ ಉಳಿದುವು. ಆಣೆಯ ಲೆಕ್ಕ ೧೯೫೭ರಲ್ಲಿಯೇ ಮುಗಿದರೂ ಇಪ್ಪತ್ತೈದು ಪೈಸೆಯು ೨೦೧೧ರಲ್ಲಿ ಚಲಾವಣೆಯಿಂದ ತೊಲಗುವವರೆಗೂ ಬಹುಮಂದಿಯ ಬಾಯಲ್ಲಿ ‘ನಾಲ್ಕಾಣೆ’ಯಾಗಿಯೇ ಇದ್ದಿತು.

ರಾಜ್ಯಗಳು ಬದಲಾದಂತೆ ಬಂದ ಮಾತುಗಳೂ ಇಲ್ಲಿ ಪದರಪದರವಾಗಿವೆ. ಆವತಿಯ ಪ್ರಭುಗಳ ಮನೆತನದವರು ಆಳುತ್ತಿದ್ದ ಈ ಸೀಮೆಯು ೧೬೩೮ರಲ್ಲಿ ಬಿಜಾಪುರದವರ ವಶವಾಗಿ ಶಹಾಜಿಯ ಜಹಗೀರಿಗೆ ಸೇರಿತು. ೧೬೮೭ರ ಬಳಿಕ ಮೊಗಲರ ಶಿರಾ ಸುಬೆಯ ಕಾಲ; ೧೭೬೧ರಲ್ಲಿ ದೊಡ್ಡಬಳ್ಳಾಪುರವು ಹೈದರಾಲಿಯ ಕೈಸೇರಿತು. ಈ ಕಾಲದಲ್ಲಿ ಪಾರಸಿ, ಅರಬಿ, ಮರಾಠಿಗಳ ಮಾತುಗಳು ದಫ್ತರದ ಮೂಲಕ ಬಂದುವು. ಜಮೀನು, ತಾಲ್ಲೂಕು, ಜಮಾಬಂದಿ, ಶಿರಸ್ತೇದಾರ, ಪಹಣಿ, ಖರಾಬು ಮುಂತಾದುವು ಈಗ ಕನ್ನಡವೇ ಆಗಿಹೋಗಿವೆ. ರೈತನಿಗೆ ಗದ್ದೆ, ಬೆದ್ದಲು, ತೋಟವೆಂದಿದ್ದ ಭೂಮಿಯು ಕಾಗದದಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದಾಯಿತು. ಆದರೆ ಅದೇ ರೈತನ ಗುಳ, ಮೇಳಿ, ನೊಗ, ಕೂರಿಗೆಗಳಿಗೆ ಬೇರೆ ಹೆಸರು ಬರಲಿಲ್ಲ. ಆಳುವವರಿಗೆ ಬೇಕಾದುದು ಭೂಮಿಯ ಕಂದಾಯ. ನೇಗಿಲಿನ ಅಂಗಾಂಗಗಳಿಂದ ಅವರಿಗೆ ಆಗಬೇಕಾದುದೇನೂ ಇರಲಿಲ್ಲ. ಹೀಗಾಗಿ ಕಾಗದದ ಮೇಲೆ ಪಾರಸಿಯೂ ಹೊಲದಲ್ಲಿ ಕನ್ನಡವೂ ಅಕ್ಕಪಕ್ಕದಲ್ಲಿಯೇ ಬಾಳಿಕೊಂಡು ಬಂದುವು. ಒಂದು ಮಾತು ಎಲ್ಲಿಯದೆಂದು ಕೇಳಿದರೆ, ಆ ವಸ್ತುವಿನ ಮೇಲೆ ಯಾರ ಕೈಯಿತ್ತೆಂಬ ಪ್ರಶ್ನೆಗೂ ಉತ್ತರ ದೊರೆಯುವುದು.

ದನಗಳ ವಿಷಯದಲ್ಲಿಯೂ ಇದೇ ಬಗೆಯನ್ನು ಕಾಣಬಹುದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆಚಾವಡಿ’ಯೆಂಬ ಅರಮನೆಯ ದನಗಳ ಇಲಾಖೆಗೆ ಟಿಪ್ಪುಸುಲ್ತಾನನು ‘ಅಮೃತಮಹಲ್’ ಎಂಬ ಹೆಸರನ್ನಿಟ್ಟನು. ಇಲಾಖೆಯ ಹೆಸರು ಆಳುವವನೊಡನೆ ಬದಲಾಯಿತು. ಇತ್ತ ಪುಷ್ಯಮಾಸದ ಹೊತ್ತಿಗೆ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಎತ್ತಿನ ವಯಸ್ಸನ್ನು ಹೇಳುವ ಮಾತುಗಳು ಬದಲಾಗಲಿಲ್ಲ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ‘ಬಾಯಿಗೂಡಿದ’ ಎತ್ತು ಎಂದು ಹೇಳಿದರೆ ಕೊಳ್ಳುವವನಿಗೂ ಮಾರುವವನಿಗೂ ಬೇರೆ ವಿವರಣೆ ಬೇಕಾಗದು. ಬೆಲೆಯನ್ನು ಮಾತ್ರ ಬಾಯಲ್ಲಿ ಆಡದೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ತಿಳಿಸುವರು. ಮಾತಿಲ್ಲದ ಈ ಲೆಕ್ಕವೂ ಒಂದು ಬಗೆಯ ಭಾಷೆಯೇ ಸರಿ.

ಅಡಿಗೆಮನೆಯ ಮಾತುಗಳು ಮನೆವಾರ್ತೆಯನ್ನು ನಡೆಸಿದ ಹೆಂಗಸರ ಆಸ್ತಿ. ಈ ಕಡೆ ‘ಹಿಟ್ಟು’ ಎಂದರೆ ಬೀಸಿದ ಪುಡಿ ಮಾತ್ರವೇ ಅಲ್ಲ. ತಟ್ಟೆಯ ಮೇಲಿನ ರಾಗಿಮುದ್ದೆಗೂ ಅದೇ ಹೆಸರು. ‘ಹಿಟ್ಟುಂಡ್ರಾ?’ ಎಂದು ಕೇಳಿದರೆ ಊಟವಾಯಿತೆ ಎಂದು ಅರ್ಥ. ಒಂದು ಧಾನ್ಯದ ಹೆಸರಿಲ್ಲದೆ ಊಟದ ಮಾತೇ ಇಲ್ಲವೆಂಬಷ್ಟು ರಾಗಿಯು ಇಲ್ಲಿ ಬಾಳಿಗೆ ಹತ್ತಿರವಾಗಿತ್ತು. ಕುದಿಯುವ ನೀರು ‘ಎಸರು’. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಮಾಡಿದ್ದು ಬಸಿದ ಸಾರು, ಎಂದರೆ ‘ಬಸ್ಸಾರು’. ಬೆಂದ ಸೊಪ್ಪನ್ನು ಮಸೆದು ಮಾಡಿದ್ದು ‘ಮಸ್ಸೊಪ್ಪು’. ನೆನೆದ ಅವರೆಯ ಕಾಳನ್ನು ಬೆರಳುಗಳಲ್ಲಿ ಹಿಸುಕಿ ಸಿಪ್ಪೆ ತೆಗೆದದ್ದು ‘ಹಿತಕಿದ ಬೇಳೆ’. ಬಸಿ, ಮಸೆ, ಹಿತುಕು ಎಂಬ ಕ್ರಿಯಾಪದಗಳೇ ಇಲ್ಲಿ ತಿನಿಸುಗಳ ಹೆಸರಾದುವು. ಮಾಡುವವಳ ಕೈಯ ಕೆಲಸವು ಹೆಸರಿನೊಳಗೆ ಸೇರಿರುವುದರಿಂದ, ಪಾಕದ ಪುಸ್ತಕವಿಲ್ಲದೆಯೇ ಹೆಸರನ್ನು ಕೇಳಿದ ಸೊಸೆಗೆ ವಿಧಾನವು ಅರ್ಧದಷ್ಟು ತಿಳಿದುಹೋಗುತ್ತಿತ್ತು.

ಮಗ್ಗವಾದರೋ ದೊಡ್ಡಬಳ್ಳಾಪುರದ ಪ್ರಾಣ. ಉದ್ದಕ್ಕೆ ಎಳೆದ ನೂಲು ‘ಹಾಸು’, ಅಡ್ಡಕ್ಕೆ ಸೇರುವ ನೂಲು ‘ಹೊಕ್ಕು’, ಅದನ್ನು ಹೊತ್ತು ಆಚೀಚೆ ಓಡುವುದು ‘ಲಾಳಿ’. ವಿದ್ಯಾವಂತರು ತಮ್ಮ ಲೇಖನಗಳಲ್ಲಿ ‘ಹಾಸುಹೊಕ್ಕಾಗಿದೆ’ ಎಂದು ಬರೆಯುವಾಗ ನೇಯ್ಗೆಯವನ ಮಾತನ್ನು ಕಡ ತಂದಿದ್ದೇವೆಂಬುದು ಅವರ ನೆನಪಿಗೆ ಬರುವುದು ಅಪೂರ್ವ. ಕೈಮಗ್ಗದ ಸ್ಥಾನದಲ್ಲಿ ವಿದ್ಯುತ್ತಿನ ಮಗ್ಗವು ಬಂದ ಮೇಲೆ ಈ ಪದಗಳಲ್ಲಿ ಕೆಲವು ಯಂತ್ರಕ್ಕೂ ಅಂಟಿಕೊಂಡು ಉಳಿದುವು. ವಸ್ತುವು ಬದಲಾದರೂ ಕೆಲಸವು ಮುಂದುವರಿದರೆ ಮಾತು ಬದುಕಿಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹೊರಗಿನಿಂದ ಬಂದ ವಸ್ತುಗಳಿಗೆ ಈ ಜನರು ಹೆಸರಿಟ್ಟ ರೀತಿಯೂ ವಿಚಾರಾರ್ಹವಾಗಿದೆ. ೧೪೯೨ರಲ್ಲಿ ಕೊಲಂಬಸನು ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಮುಟ್ಟಿದ ಬಳಿಕ ಅಮೆರಿಕ ಖಂಡದ ಗಿಡಮರಗಳು ಲೋಕವೆಲ್ಲ ಹರಡಿದುವು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಸರ ಮೂಲಕ ಅವುಗಳಲ್ಲಿ ಹಲವು ಕನ್ನಡ ನಾಡಿಗೆ ಬಂದುವು. ಆ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರು ಒಂದು ಗೆಡ್ಡೆಯನ್ನು ‘ಬಟಾಟ’ ಎಂದು ಕರೆಯುತ್ತಿದ್ದರು. ಕರಾವಳಿ ಮತ್ತು ಉತ್ತರದ ಕನ್ನಡಿಗರ ‘ಬಟಾಟೆ’ಯಲ್ಲಿ ಆ ಮಾತು ಈಗಲೂ ಕೇಳಿಸುವುದು. ಬೆಂಗಳೂರಿನ ಕಡೆಗೆ ಅದು ಮುಟ್ಟಲಿಲ್ಲ. ಇಲ್ಲಿ ಅದೇ ಪದಾರ್ಥವು ‘ಉರುಳಗೆಡ್ಡೆ’ಯೂ ‘ಆಲೂಗೆಡ್ಡೆ’ಯೂ ಆಯಿತು. ಪರಂಗಿಯವರೊಡನೆ ಬಂದ ಹಣ್ಣು ‘ಪರಂಗಿ ಹಣ್ಣು’. ಸಿಪ್ಪೆಯ ಮುಸುಕು ಹಾಕಿಕೊಂಡ ಜೋಳ ‘ಮುಸುಕಿನ ಜೋಳ’. ಎಲೆಯನ್ನು ಸುಟ್ಟು ಹೊಗೆ ಸೇದುವ ಸೊಪ್ಪು ‘ಹೊಗೆಸೊಪ್ಪು’. ಮೆಣಸಿನಕಾಯಿಯ ಕಥೆಯು ಎಲ್ಲಕ್ಕಿಂತ ವಿನೋದವಾದುದು. ಮೆಣಸು ಎಂಬುದು ಮಲೆನಾಡಿನ ಬಳ್ಳಿಯ ಖಾರದ ಕಾಳಿಗೆ ಇದ್ದ ಪುರಾತನವಾದ ಹೆಸರು. ಅಮೆರಿಕದ ಕಾಯಿ ಬಂದು ಆ ಹೆಸರನ್ನು ವಹಿಸಿಕೊಂಡಿತು. ಮೂಲದ ಮೆಣಸು ತನ್ನ ಗುರುತನ್ನು ಉಳಿಸಿಕೊಳ್ಳುವುದಕ್ಕಾಗಿ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣವನ್ನು ಹೊರಬೇಕಾಯಿತು. ಮನೆಗೆ ಬಂದ ನೆಂಟನು ನಡುಮನೆಯನ್ನು ಹಿಡಿದು, ಮನೆಯೊಡೆಯನು ಜಗಲಿಗೆ ಬಂದಂತಾಯಿತು.

ಒಂದೇ ಹಣ್ಣಿಗೆ ಮಧುರೆಯ ಕಡೆ ಸೀಬೆಯೆಂದೂ, ಧಾರವಾಡದ ಕಡೆ ಪೇರಲವೆಂದೂ ಹೆಸರಾದರೆ ಅದರಲ್ಲಿ ಯಾವುದೊಂದೂ ತಪ್ಪಲ್ಲ. ಈ ಹಣ್ಣುಗಳ ತವರಿನಲ್ಲಿಯೂ ಹಾಗೆಯೇ ಇದೆ. ಕೆರಿಬಿಯನ್ನಿನ ಒಂದು ಸಣ್ಣ ಹುಳಿಸಿಹಿ ಹಣ್ಣು ಜಮೈಕಾದಲ್ಲಿ ‘ಗಿನೆಪ್’, ಟ್ರಿನಿಡಾಡಿನಲ್ಲಿ ‘ಚೆನೆಟ್’, ಬಾರ್ಬಡೋಸಿನಲ್ಲಿ ‘ಅಕೀ’. ಜಮೈಕಾದವನಿಗೆ ಅಕೀ ಎಂದರೆ ಪಶ್ಚಿಮ ಆಫ್ರಿಕದಿಂದ ಬಂದ ಬೇರೊಂದು ಕಾಯಿ. ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದವರು, ಕೂಲಿಗಳಾಗಿ ಹೋದ ಭಾರತೀಯರು, ಒಡೆಯರಾದ ಐರೋಪ್ಯರು, ಇವರೆಲ್ಲರ ಮಾತುಗಳು ಬೆರೆತು ಹುಟ್ಟಿದ ಆ ನುಡಿಗಳನ್ನು ಬಹುಕಾಲ ‘ಕೆಟ್ಟ ಇಂಗ್ಲಿಷು’ ಎಂದೇ ಹಳಿಯುತ್ತಿದ್ದರು. ಕ್ಯಾಸಿಡಿ ಮತ್ತು ಲೆ ಪೇಜ್ ಎಂಬ ವಿದ್ವಾಂಸರು ೧೯೬೭ರಲ್ಲಿ ಜಮೈಕಾದ ನುಡಿಗೂ, ರಿಚರ್ಡ್ ಆಲ್ಸಾಪ್ ಎಂಬವರು ೧೯೯೬ರಲ್ಲಿ ಸಮಸ್ತ ಕೆರಿಬಿಯನ್ ಸೀಮೆಗೂ ನಿಘಂಟುಗಳನ್ನು ಪ್ರಕಟಿಸಿದ ಮೇಲೆ, ಅಡಿಗೆಯ, ಹೊಲದ, ಬೀದಿಯ ಮಾತುಗಳು ಒಂದು ಜನಾಂಗದ ಚರಿತ್ರೆಯಾಗಿ ಮನ್ನಣೆ ಪಡೆದುವು. ತಮ್ಮ ಹಿರಿಯರ ಭಾಷೆಗಳನ್ನು ಕಳೆದುಕೊಂಡ ಜನರು ಉಳಿದ ಚೂರುಗಳನ್ನು ಅಷ್ಟು ಆಸ್ಥೆಯಿಂದ ಆರಿಸಿಟ್ಟರು.

ಕನ್ನಡಕ್ಕೂ ಇಂಥ ಉಪಕಾರಿಗಳು ಇಲ್ಲದಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ನಿಘಂಟು ಕಾವ್ಯದ ಮಾತುಗಳೊಡನೆ ಆಡುಮಾತುಗಳಿಗೂ ಗಾದೆಗಳಿಗೂ ಎಡೆಕೊಟ್ಟಿತು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟಿನ ಮೊದಲನೆಯ ಸಂಪುಟ ೧೯೭೦ರಲ್ಲಿ ಬೆಳಕು ಕಂಡು, ಎಂಟನೆಯದರೊಂದಿಗೆ ೧೯೯೫ರಲ್ಲಿ ಮುಗಿಯಿತು. ಆದರೆ ಕಾವ್ಯಶಾಸನಗಳಿಂದ ಆರಿಸಿದ ನಿಘಂಟು ಎಷ್ಟೇ ದೊಡ್ಡದಾದರೂ ಬರೆವಣಿಗೆಗೆ ಎಂದೂ ಬಾರದ ಮಾತು ಅದರ ಬಲೆಗೆ ಸುಲಭವಾಗಿ ಬೀಳಲಾರದು. ಒಂದು ಹೋಬಳಿಯ ಸಿವುಡು, ಮೆದೆ, ಅಕ್ಕಡಿಗಳ ಸೂಕ್ಷ್ಮವಾದ ಭೇದಗಳನ್ನು ಆ ಹೋಬಳಿಯವರೇ ಬರೆದಿಡಬೇಕು.

ಮಾತುಗಳು ಹುಟ್ಟುವುದೂ ಸಾಯುವುದೂ ಸಹಜವಾಗಿರುವಾಗ ಇಷ್ಟೊಂದು ಚಿಂತೆ ಏಕೆಂದು ಕೆಲವರು ಕೇಳಬಹುದು. ಕಪಿಲೆಯು ಹೋದ ಮೇಲೆ ಕಪಿಲೆಯ ಮಾತು ಹೋದರೆ ಯಾರಿಗೂ ಅನ್ನವು ತಪ್ಪುವುದಿಲ್ಲ. ಎತ್ತಿನ ಹಿಂದೆ ಬಿಸಿಲಲ್ಲಿ ಬೆಂದವನು ಯಂತ್ರವನ್ನು ಬಯಸಿದರೆ ಅವನನ್ನು ಯಾರೂ ಆಕ್ಷೇಪಿಸಲಾಗದು. ಆದರೆ ಎಲ್ಲ ಮಾತುಗಳೂ ಈ ಜಾತಿಯವಲ್ಲ. ಕೋಡಿ, ಕಾಲುವೆ, ಹಳ್ಳ, ಗೋಮಾಳ, ಗುಂಡುತೋಪು ಎಂಬ ಮಾತುಗಳಲ್ಲಿ ಊರಿಗೆ ಊರೇ ಪಡೆದಿದ್ದ ಹಕ್ಕುಗಳು ಅಡಗಿವೆ. ಕಂದಾಯದ ಲೆಕ್ಕದಲ್ಲಿ ಸಾರ್ವಜನಿಕವಾದ ದಾರಿಗಳೂ ನೀರಿನ ಹಾದಿಗಳೂ ‘ಬ ಖರಾಬು’ ಎಂಬ ತಲೆಬರಹದ ಕೆಳಗೆ ಸೇರಿವೆ. ಖರಾಬು ಎಂದರೆ ಕೆಟ್ಟದ್ದು, ಎಂದರೆ ಸಾಗುವಳಿಗೂ ಕಂದಾಯಕ್ಕೂ ಬಾರದ ನೆಲ. ಹಳ್ಳಿಯವನಿಗೆ ‘ಕೋಡಿಹಳ್ಳ’ವಾಗಿದ್ದುದು ಕಾಗದದಲ್ಲಿ ಖರಾಬಾಯಿತು. ಅದನ್ನು ಕೋಡಿಹಳ್ಳವೆಂದು ಕರೆಯುವ ಮುದುಕರು ಇರುವವರೆಗೆ, ಮಳೆಗಾಲದಲ್ಲಿ ಅಲ್ಲಿ ನೀರು ಹರಿಯುವುದೆಂಬ ನೆನಪೂ ಇರುತ್ತದೆ. ಮಾತು ಮರೆತ ಮೇಲೆ ಉಳಿಯುವುದು ನಕ್ಷೆಯ ಮೇಲಿನ ಒಂದು ಗೆರೆ ಮಾತ್ರ. ಗೆರೆಯನ್ನು ದಾಟಿ ಬೇಲಿ ಹಾಕುವುದು ಕಷ್ಟವಾದ ಕೆಲಸವಲ್ಲ.

ಹೆಸರಘಟ್ಟದ ಕೆರೆಯಿಂದ ೧೮೯೬ರಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಹೋದಾಗ ಅರ್ಕಾವತಿಯ ಮೇಲ್ಸೀಮೆಯ ಕೆರೆಗಳೆಲ್ಲ ಒಂದು ಸರಪಣಿಯ ಕೊಂಡಿಗಳಾಗಿದ್ದುವು. ಒಂದರ ಕೋಡಿ ಇನ್ನೊಂದಕ್ಕೆ ಒಳಹರಿವಾಗಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ಹರಿವು ಕುಂದಿ ನದಿಯ ಪಾತ್ರವೇ ಒಣಗುತ್ತ ಬಂದಿತು. ಅದಕ್ಕೆ ಕಾರಣಗಳು ಹಲವು: ಅಂತರ್ಜಲವನ್ನು ಹೀರಿದ ಕೊಳವೆಬಾವಿಗಳು, ನೀಲಗಿರಿಯ ತೋಪುಗಳು, ಮುಚ್ಚಿಹೋದ ಕಾಲುವೆಗಳು. ಮಾತು ಮರೆತದ್ದರಿಂದಲೇ ನೀರು ನಿಂತಿತೆಂದು ಹೇಳುವುದು ಅತಿಶಯೋಕ್ತಿಯಾಗುವುದು. ಆದರೆ ತೂಬು ಯಾವುದು, ಕೋಡಿ ಯಾವುದು, ಯಾವ ಹಳ್ಳದ ನೀರು ಯಾವ ಕೆರೆಗೆ ಸಲ್ಲತಕ್ಕದ್ದು ಎಂಬುದನ್ನು ಹೆಸರು ಹಿಡಿದು ಹೇಳಬಲ್ಲವರು ಇಲ್ಲದ ಊರಿನಲ್ಲಿ ಕೆರೆಯನ್ನು ಮತ್ತೆ ತುಂಬಿಸುವ ಪ್ರಯತ್ನವು ಕುರುಡರ ಕೆಲಸವಾಗುವುದೆಂಬುದರಲ್ಲಿ ಸಂದೇಹವಿಲ್ಲ.

ಓದುಬರಹ ಬಲ್ಲ ಮನೆಗಳಿಗೆ ಇದರಲ್ಲಿ ಮಾಡತಕ್ಕ ಕೆಲಸವು ಬಹು ಸಣ್ಣದು, ಸುಲಭವಾದುದು. ಮನೆಯ ಅಜ್ಜಿಯು ಒರಳು, ಒನಕೆ, ಮೊರ, ನೆಲುವುಗಳ ನಡುವೆ ಆಡಿದ ಮಾತುಗಳನ್ನೂ, ಹೊಲದ ಮುದುಕನು ಮಣ್ಣು, ಮಳೆ, ದನ, ನೀರುಗಳಿಗೆ ಕೊಟ್ಟ ಹೆಸರುಗಳನ್ನೂ ತಿದ್ದದೆ, ನಗದೆ, ಅವರ ಉಚ್ಚಾರಣೆಯಂತೆಯೇ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಯಾವ ಊರಿನಲ್ಲಿ, ಯಾವ ವೃತ್ತಿಯವರಿಂದ, ಯಾವ ವರ್ಷ ಕೇಳಿದ್ದೆಂದು ಪಕ್ಕದಲ್ಲಿ ಗುರುತು ಮಾಡಿದರೆ ಇನ್ನೂ ಒಳ್ಳೆಯದು. ಕಲ್ಲಿನ ಶಾಸನವು ಸಾವಿರ ವರ್ಷ ಓದುವವನಿಗಾಗಿ ಕಾದು ನಿಲ್ಲಬಲ್ಲುದು. ಬಾಯಿಯ ಶಾಸನಕ್ಕೆ ಅಷ್ಟು ತಾಳ್ಮೆಯಿಲ್ಲ. ಅದನ್ನು ಬಲ್ಲವರು ಎದ್ದು ಹೋಗುವ ಮೊದಲೇ ಅವರ ಬಳಿ ಕುಳಿತು ಕೇಳಿಕೊಳ್ಳಬೇಕು.